ಕ್ಯಾಸನೂರಿನ ಕಾಡು ಮತ್ತು ಉಣುಗು

ಮಲೆನಾಡಿನಲ್ಲಿ ರಕ್ತ ಹೀರುವ ಜೀವಿಗಳ ಪೈಕಿ ಹೆಸರುವಾಸಿಯಾದುದು ಉಂಬಳ. ಮಳೆಗಾಲದಲ್ಲಿ ಆಗುಂಬೆಯ ಕಡೆಗೋ ಕೊಡಚಾದ್ರಿಯ ಕಡೆಗೋ ಹೋಗಿಬಂದ ಪಟ್ಟಣದವರು ಮೊದಲು ಹೇಳುವುದು ಅದರ ಕಥೆಯನ್ನೇ. ಸುಣ್ಣ, ಉಪ್ಪು, ಹೊಗೆಸೊಪ್ಪು ಎಂದು ಅದನ್ನು ದೂರವಿಡುವ ಉಪಾಯಗಳಿಗೂ ಕೊರತೆಯಿಲ್ಲ. ಆದರೆ ಒಂದು ದೃಷ್ಟಿಯಿಂದ ಉಂಬಳ ಪ್ರಾಮಾಣಿಕ ಜೀವಿ. ಕಚ್ಚಿದ ಕಡೆ ರಕ್ತ ಹರಿಸಿ, ತಾನು ಬಂದುಹೋದ ಸುದ್ದಿಯನ್ನು ತಿಳಿಸಿಯೇ ಹೋಗುತ್ತದೆ. ಮಳೆ ನಿಂತು, ನೆಲ ಒಣಗಿ, ಎಲೆ ಉದುರತೊಡಗಿದ ಮೇಲೆ ಅದೇ ಕಾಡಿನಲ್ಲಿ ಇನ್ನೊಂದು ಜೀವಿಯ ಕಾಲ ಆರಂಭವಾಗುತ್ತದೆ. ಅದು ಉಣ್ಣೆ, ಮಲೆನಾಡಿನ ಮಾತಿನಲ್ಲಿ ಉಣುಗು. ಅದರ ಮರಿ ಎಳ್ಳುಕಾಳಿಗಿಂತ ಚಿಕ್ಕದು. ಮೈಮೇಲೆ ಹತ್ತಿದ್ದು ತಿಳಿಯುವುದಿಲ್ಲ, ಕಚ್ಚಿದ್ದೂ ಎಷ್ಟೋ ಸಲ ತಿಳಿಯುವುದಿಲ್ಲ. ನಾನು ಈ ಹೊತ್ತು ಹೇಳಹೊರಟಿರುವುದು ಈ ಉಣುಗಿನ ಚರಿತ್ರೆಯನ್ನು. ಉಣುಗಿಗೆಂಥ ಚರಿತ್ರೆ ಎಂದು ಕೇಳುಗರು ನಗಬಾರದು.

ಸೊರಬದ ಸೀಮೆ ಚರಿತ್ರೆಗೆ ಹೊಸದಲ್ಲ. ಒಂದು ಮಗ್ಗುಲಿಗೆ ಬನವಾಸಿ, ಇನ್ನೊಂದು ಮಗ್ಗುಲಿಗೆ ಬಳ್ಳಿಗಾವೆ. ಕದಂಬರ, ಚಾಲುಕ್ಯರ ಶಾಸನಗಳನ್ನು ಓದುವವರಿಗೆ ಇವೆಲ್ಲ ಬಳಕೆಯ ಹೆಸರುಗಳು. ಈ ಸೀಮೆಯದೇ ಆದ ಕ್ಯಾಸನೂರು ಎಂಬ ಹಳ್ಳಿಯ ಹೆಸರು ಮಾತ್ರ ಯಾವ ಅರಸನಿಂದಲೂ ಶಿಲ್ಪಿಯಿಂದಲೂ ಪ್ರಸಿದ್ಧಿಗೆ ಬಂದುದಲ್ಲ. ಅದರ ನೆರೆಯ ಕಾಡಿನಲ್ಲಿ 1957ರಲ್ಲಿ ಸತ್ತುಬಿದ್ದ ಮಂಗಗಳಿಂದ ಅದು ಜಗತ್ತಿನ ವೈದ್ಯಗ್ರಂಥಗಳಲ್ಲೆಲ್ಲ ಅಚ್ಚಾಯಿತು. ‘ಕ್ಯಾಸನೂರು ಕಾಡಿನ ಕಾಯಿಲೆ’ ಎಂಬುದು ಶಾಸ್ತ್ರದ ಹೆಸರು. ಜನ ಕರೆಯುವುದು ಮಂಗನ ಕಾಯಿಲೆ ಎಂದು.

ಆ ವರ್ಷದ ಬೇಸಗೆಯ ಮೊದಲ ತಿಂಗಳುಗಳಲ್ಲಿ ಕಾಡಂಚಿನ ಹಳ್ಳಿಗಳ ಜನ ಎರಡು ಸಂಗತಿಗಳನ್ನು ಕಂಡರು. ಕಾಡಿನೊಳಗೆ ಮುಸಿಯಗಳೂ ಕೆಂಪು ಮೂತಿಯ ಮಂಗಗಳೂ ಸತ್ತು ಬೀಳುತ್ತಿದ್ದವು; ಅದೇ ಕಾಡಿಗೆ ಸೌದೆಗೆ, ಸೊಪ್ಪಿಗೆ ಹೋಗಿಬಂದವರು ಕೆಲವೇ ದಿನಗಳಲ್ಲಿ ವಿಪರೀತ ಜ್ವರದಿಂದ ಮಲಗುತ್ತಿದ್ದರು. ತಲೆ ಸಿಡಿಯುವಂಥ ನೋವು, ಸೊಂಟ ಕಾಲುಗಳಲ್ಲಿ ಎದ್ದು ನಿಲ್ಲಲಾಗದಂಥ ನೋವು, ಕೆಲವರಿಗೆ ಮೂಗು ವಸಡುಗಳಿಂದ ರಕ್ತ. ಈ ಎರಡು ಸಂಗತಿಗಳನ್ನು ಜೋಡಿಸಿ ನೋಡಲು ಅವರಿಗೆ ಯಾವ ಪ್ರಯೋಗಾಲಯವೂ ಬೇಕಾಗಲಿಲ್ಲ. ಇಲಿ ಬಿದ್ದರೆ ಊರು ಬಿಡಬೇಕೆಂಬ ಪ್ಲೇಗಿನ ಕಾಲದ ಪಾಠ ಇನ್ನೂ ಹಳೆಯದಾಗಿರಲಿಲ್ಲ. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಓದಿದವರಿಗೆ, ಅಗ್ರಹಾರದಲ್ಲಿ ಸತ್ತುಬೀಳುವ ಇಲಿಗಳು ಏನನ್ನು ಹೇಳುತ್ತಿವೆ ಎಂಬುದನ್ನು ವಿವರಿಸಬೇಕಾಗಿಲ್ಲ. ಮನೆಯೊಳಗೆ ಇಲಿ ಹೇಳಿದುದನ್ನು ಕಾಡಿನೊಳಗೆ ಮಂಗ ಹೇಳಿತು. ಒಂದು ವ್ಯತ್ಯಾಸವಿತ್ತು. ಊರು ಬಿಟ್ಟು ಗದ್ದೆಯಲ್ಲಿ ಗುಡಿಸಲು ಹಾಕಿ ಪ್ಲೇಗಿನಿಂದ ಪಾರಾಗಬಹುದಿತ್ತು; ಕಾಡನ್ನೇ ನಂಬಿ ಬದುಕುವವರು ಕಾಡನ್ನು ಬಿಟ್ಟು ಎಲ್ಲಿಗೆ ಹೋಗಬೇಕು?

ಸುದ್ದಿ ಪುಣೆಗೆ ಮುಟ್ಟಿತು. ಅಲ್ಲಿ 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯೂ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನವೂ ಕೂಡಿ ವೈರಸ್ ಸಂಶೋಧನಾ ಕೇಂದ್ರವೊಂದನ್ನು ತೆರೆದಿದ್ದವು. ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ ಅದರದೇ ಮುಂದುವರಿಕೆ. ಮಂಗಗಳು ಸಾಯುತ್ತಿವೆ, ಜೊತೆಗೆ ಮನುಷ್ಯರೂ ಎಂಬ ವರ್ತಮಾನ ಕೇಳಿದಾಗ ಅಲ್ಲಿಯವರ ಎದೆ ನಡುಗಿದ್ದರೆ ಆಶ್ಚರ್ಯವಿಲ್ಲ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳನ್ನು ಕೊಲ್ಲುವುದು ಹಳದಿ ಜ್ವರ. ಏಷ್ಯಾ ಖಂಡದಲ್ಲಿ ಆ ಜ್ವರ ಎಂದೂ ಕಾಣಿಸಿಕೊಂಡಿರಲಿಲ್ಲ. ಆದರೆ ಅದನ್ನು ಹರಡಬಲ್ಲ ಸೊಳ್ಳೆ ನಮ್ಮ ಮನೆಮನೆಯಲ್ಲಿದೆ. ಹಳದಿ ಜ್ವರವೇ ಬಂದಿತೋ ಏನೋ ಎಂಬ ಅನುಮಾನವನ್ನು ಹೊತ್ತುಕೊಂಡೇ ಕೇಂದ್ರದ ತಂಡ ಸೊರಬಕ್ಕೆ ಬಂದಿತು. ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಪೀಡೊ ಮುಂತಾದ ಅಮೆರಿಕದ ವಿಜ್ಞಾನಿಗಳೂ ಪಿ. ಕೆ. ರಾಜಗೋಪಾಲನ್ ಅವರಂಥ ನಮ್ಮ ಕೀಟಶಾಸ್ತ್ರಜ್ಞರೂ ಈ ಕಾಡುಗಳಲ್ಲಿ ಕೆಲಸ ಮಾಡಿದರು. ಕಾಯಿಲೆ ಬಿದ್ದ ಮಂಗದಿಂದ 1957ರ ಮಾರ್ಚಿಯಲ್ಲಿ ವೈರಸ್ಸನ್ನು ಬೇರ್ಪಡಿಸಲಾಯಿತು. ಅದು ಹಳದಿ ಜ್ವರದ್ದಾಗಿರಲಿಲ್ಲ. ಆ ವರ್ಷ ಜನವರಿಯಿಂದ ಮೇವರೆಗೆ ಜ್ವರ ಬಂದವರು 466 ಮಂದಿ, ಮರುವರ್ಷ 181.

ವೈರಸ್ಸಿನ ಕುಲಗೋತ್ರಗಳನ್ನು ವಿಚಾರಿಸಿದಾಗ ದೊರೆತ ಉತ್ತರ ಇನ್ನೂ ವಿಚಿತ್ರವಾಗಿತ್ತು. ಅದರ ಹತ್ತಿರದ ಬಂಧುವಿದ್ದುದು ಸೈಬೀರಿಯದ ಆಚೆಯ ಹಿಮದ ಕಾಡುಗಳಲ್ಲಿ. ಸೋವಿಯತ್ ದೇಶದ ದೂರಪೂರ್ವದಲ್ಲಿ ಪ್ರತಿ ವಸಂತದಲ್ಲಿ ಮರ ಕಡಿಯುವವರನ್ನೂ ಸೈನಿಕರನ್ನೂ ಹಿಡಿಯುತ್ತಿದ್ದ ಮಿದುಳಿನ ಉರಿಯೂತವೊಂದರ ಕಾರಣವನ್ನು 1937ರಲ್ಲಿ ಲೆವ್ ಜಿಲ್ಬರ್ ಎಂಬ ವಿಜ್ಞಾನಿಯ ತಂಡ ಕಂಡುಹಿಡಿದಿತ್ತು. ಅಲ್ಲಿಯೂ ವಾಹಕ ಉಣ್ಣೆಯೇ. ಆ ಶೋಧಕ್ಕೆ ತೆತ್ತ ಬೆಲೆಯನ್ನು ಇಲ್ಲಿ ಒಂದು ಮಾತಿನಲ್ಲಾದರೂ ನೆನೆಯಬೇಕು. ತಂಡದಲ್ಲಿದ್ದ ತರುಣ ಮಿಖಾಯಿಲ್ ಚುಮಕೋವ್ ಅದೇ ಕಾಯಿಲೆಗೆ ತುತ್ತಾಗಿ ಕಿವಿಯನ್ನೂ ಬಲಗೈಯ ಶಕ್ತಿಯನ್ನೂ ಕಳೆದುಕೊಂಡರು. ನಾಯಕ ಜಿಲ್ಬರ್ ಅದೇ ವರ್ಷ ಸ್ಟಾಲಿನ್ನನ ಪೊಲೀಸರ ಕೈಗೆ ಸಿಕ್ಕಿ ಸೆರೆಮನೆ ಸೇರಿದರು. ಪುಣೆಯ ಪ್ರಯೋಗಾಲಯದಲ್ಲೂ ಕ್ಯಾಸನೂರಿನ ವೈರಸ್ಸನ್ನು ಹಿಡಿದು ಕೆಲಸ ಮಾಡುತ್ತಿದ್ದ ಹಲವರು ಅದೇ ಜ್ವರದಿಂದ ನರಳಿದ್ದುಂಟು.

ಸೈಬೀರಿಯದ ಬಂಧು ಸೊರಬಕ್ಕೆ ಬಂದುದು ಹೇಗೆ? ಚಳಿಗಾಲಕ್ಕೆ ಉತ್ತರದಿಂದ ಹಾರಿಬರುವ ಹಕ್ಕಿಗಳು ತಮ್ಮ ಗರಿಗಳ ನಡುವೆ ಉಣ್ಣೆಗಳನ್ನು ತಂದವೇ? ಈ ಊಹೆಯಿಂದ ಒಂದು ಉಪಕಾರವಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿಯವರೂ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯೂ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಬಿಡುವ ದೊಡ್ಡ ಕಾರ್ಯವನ್ನು ಕೈಗೊಂಡರು. ವಲಸೆ ಹಕ್ಕಿಗಳ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಎಷ್ಟೋ ಭಾಗ ಅದರ ಫಲ. ಊಹೆ ಮಾತ್ರ ಸಿದ್ಧವಾಗಲಿಲ್ಲ. ಮುಂದೆ ಅಮೆರಿಕದ ಸೈನ್ಯದ ಹಣವೂ ಹಕ್ಕಿಗಳ ಅಧ್ಯಯನಕ್ಕೆ ಬರುತ್ತಿದ್ದುದು ತಿಳಿದಾಗ ಗುಲ್ಲೆದ್ದಿತು. ಸೊರಬದ ಕಾಡು ಶೀತಲಸಮರದ ಸಂಶಯಗಳಿಗೂ ಗುರಿಯಾಗಿ, 1970ರ ದಶಕದಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯವರೆಗೂ ವಿದೇಶಿ ಸಹಯೋಗದ ಸಂಶೋಧನೆಗಳ ವಿಚಾರ ಹೋಯಿತು. ಸೊಪ್ಪಿನ ಹೊರೆ ಹೊತ್ತ ಹೆಂಗಸಿಗೆ ಇದಾವುದೂ ಗೊತ್ತಿರಲಿಲ್ಲ.

ಇನ್ನು ಉಣುಗಿನ ವಿಚಾರ. ಜೀವಿಯೊಂದು ಕಚ್ಚಿ ರೋಗ ಹರಡುತ್ತದೆ ಎಂದೊಡನೆ ನಮಗೆ ನೆನಪಾಗುವುದು ಸಿಕಂದರಾಬಾದಿನಲ್ಲಿ 1897ರಲ್ಲಿ ಮಲೇರಿಯದ ಸೊಳ್ಳೆಯನ್ನು ಸೀಳಿ ನೋಡಿದ ರೊನಾಲ್ಡ್ ರಾಸ್. ಅದಕ್ಕೆ ನಾಲ್ಕು ವರ್ಷ ಮೊದಲೇ ಅಮೆರಿಕದ ಥಿಯೊಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ ಎಂಬಿಬ್ಬರು, ದನಗಳ ಟೆಕ್ಸಸ್ ಜ್ವರವನ್ನು ಹರಡುವುದು ಉಣ್ಣೆ ಎಂದು ತೋರಿಸಿದ್ದರು. ದನಗಾಹಿಗಳು ಅದಕ್ಕೂ ಮೊದಲೇ ಉಣ್ಣೆಯ ಮೇಲೆ ಸಂಶಯಪಟ್ಟಿದ್ದರೆಂಬುದು ಇಲ್ಲಿ ಗಮನಿಸತಕ್ಕ ಮಾತು. ನಮ್ಮಲ್ಲಿಯೂ ದನ ಕಟ್ಟಿದ ಮನೆಯವರಿಗೆ ಉಣ್ಣೆಯ ಪರಿಚಯ ಹೊಸದಲ್ಲ. ಕೆಚ್ಚಲಿಗೆ ಅಂಟಿಕೊಂಡೂ ಹಾಲಿನ ರುಚಿ ಕಾಣದ ಜೀವಿಯೆಂದು ಅದನ್ನು ದೃಷ್ಟಾಂತಕ್ಕೆ ಎಳೆತಂದವರೇ ನಾವು. ಆದರೆ ದನದ ಮೈಮೇಲೆ ಕಾಣುವುದು ರಕ್ತ ಕುಡಿದು ಹರಳುಬೀಜದಂತೆ ಊದಿಕೊಂಡ ದೊಡ್ಡ ಉಣ್ಣೆ. ಮನುಷ್ಯನಿಗೆ ಅಪಾಯ ತರುವುದು ಅದಲ್ಲ, ಅದರ ಸಂತಾನ.

ಮಲೆನಾಡಿನ ಈ ಕಾಯಿಲೆಯ ಮುಖ್ಯ ವಾಹಕ ಹೀಮಫೈಸಾಲಿಸ್ ಸ್ಪೈನಿಜೆರಾ ಎಂಬ ಜಾತಿಯ ಉಣುಗು. ಅದರ ಬಾಳು ಮೂರು ಮನೆಗಳಲ್ಲಿ ಊಟಮಾಡುವ ಅತಿಥಿಯ ಬಾಳು. ಮಳೆಗಾಲದ ಆಸುಪಾಸಿನಲ್ಲಿ ದನವೋ ಕಾಡುಪ್ರಾಣಿಯೋ ಒಂದರ ರಕ್ತ ಕುಡಿದ ಹೆಣ್ಣು ನೆಲಕ್ಕೆ ಬಿದ್ದು ರಾಶಿ ರಾಶಿ ಮೊಟ್ಟೆಯಿಡುತ್ತದೆ. ಮಳೆ ಮುಗಿದ ಮೇಲೆ ಆರು ಕಾಲಿನ ಮರಿಗಳು ಹೊರಟು ಇಲಿ, ಹಕ್ಕಿ, ಮಂಗಗಳ ಮೈಯೇರಿ ಒಂದು ಊಟ ಮುಗಿಸಿ ಉದುರುತ್ತವೆ. ಪೊರೆ ಕಳಚಿ ಎಂಟು ಕಾಲಿನ ಎಳೆಯ ಉಣುಗಾಗಿ ಎರಡನೆಯ ಊಟಕ್ಕೆ ಕಾಯುತ್ತವೆ. ಮೊದಲ ಊಟ ಬಡಿಸಿದ ಜೀವಿಗೆ ಕಾಯಿಲೆಯಿದ್ದಿದ್ದರೆ ವೈರಸ್ಸು ಅವುಗಳೊಳಗೆ ಉಳಿದಿರುತ್ತದೆ. ಈ ಎರಡನೆಯ ಊಟಕ್ಕೆ ಕಾಯುವ ಕಾಲವೇ ಡಿಸೆಂಬರಿನಿಂದ ಮೇವರೆಗಿನ ಒಣಗಾಲ. ಉಣುಗು ಹಾರುವುದಿಲ್ಲ, ನೆಗೆಯುವುದಿಲ್ಲ. ತರಗೆಲೆಯ ಮೇಲೋ ಹುಲ್ಲಿನ ತುದಿಯಲ್ಲೋ ಮುಂಗಾಲು ಚಾಚಿ ಕುಳಿತು, ಸೋಕಿಹೋದವರನ್ನು ಹಿಡಿದುಕೊಳ್ಳುತ್ತದೆ, ಅಷ್ಟೆ. ವಿಜ್ಞಾನಿಗಳು ಅದನ್ನು ಹಿಡಿದ ಬಗೆಯೂ ಇದೇ. ಬಿಳಿಯ ಬಟ್ಟೆಯೊಂದನ್ನು ಕಾಡಿನ ನೆಲದ ಮೇಲೆ ಎಳೆಯುತ್ತ ಹೋಗಿ, ಅದಕ್ಕೆ ಹತ್ತಿದ ಚುಕ್ಕೆಗಳನ್ನು ಎಣಿಸುವುದು. ಮಂಗ ಸತ್ತುಬಿದ್ದ ಜಾಗದಲ್ಲಿ ಈ ಚುಕ್ಕೆಗಳು ಬಹಳ. ಮೈ ತಣ್ಣಗಾದೊಡನೆ ಅದರ ಮೇಲಿದ್ದ ಉಣುಗುಗಳೆಲ್ಲ ಕೆಳಗಿಳಿದು ಆ ನೆಲವನ್ನೇ ವಿಷದ ಮಡುವಾಗಿಸುತ್ತವೆ.

ಈ ಕಾಯಿಲೆಯ ಚರಿತ್ರೆಯಲ್ಲಿ ನನ್ನ ಮನಸ್ಸನ್ನು ಬಹುವಾಗಿ ಸೆಳೆದ ವ್ಯಕ್ತಿ ಹೋರ್ಹೆ ಬೋಷೆಲ್, ಕೊಲಂಬಿಯ ದೇಶದ ವೈದ್ಯರು. ಅವರು ತಮ್ಮ ದೇಶದಲ್ಲಿ ಹಳದಿ ಜ್ವರದ ಬೆನ್ನುಹತ್ತಿದ್ದಾಗ ಕಾಡಿನಲ್ಲಿ ಮರ ಉರುಳಿಸುವವರನ್ನು ನೋಡುತ್ತ ನಿಂತಿದ್ದರಂತೆ. ಮರ ನೆಲಕ್ಕೆ ಬಿದ್ದೊಡನೆ ನೀಲಿ ಬಣ್ಣದ ಸೊಳ್ಳೆಗಳ ಹಿಂಡು ಅವರನ್ನು ಮುತ್ತಿತು. ಅಷ್ಟು ಎತ್ತರದಲ್ಲಿ, ಮಂಗಗಳ ಜೊತೆಗೆ ವಾಸವಾಗಿದ್ದ ಸೊಳ್ಳೆಯನ್ನು ಕೊಡಲಿ ಕೆಳಗಿಳಿಸಿತ್ತು. ಅದೇ ಕಣ್ಣು ಸೊರಬ ಸಾಗರಗಳ ಕಾಡನ್ನೂ ನೋಡಿತು. ಕಾಯಿಲೆಯ ವೈರಸ್ಸು ದೂರದಿಂದ ಬಂದದ್ದಲ್ಲ, ಹಿಂದಿನಿಂದಲೂ ಇಲ್ಲಿಯ ಚಿಕ್ಕ ಪ್ರಾಣಿಗಳ ನಡುವೆ ಸದ್ದಿಲ್ಲದೆ ಇದ್ದಿರಬೇಕು; ಕಾಡನ್ನು ಅಲ್ಲಲ್ಲಿ ಕಡಿದು, ತೆರವಾದ ಕಡೆ ಲಂಟಾನದ ಮೆಳೆ ಬೆಳೆದು, ಅದರೊಳಗೆ ದನಗಳನ್ನು ಮೇಯಲು ಬಿಟ್ಟುದರಿಂದ ಉಣುಗು ಹೆಚ್ಚಿತು ಎಂಬುದು 1969ರಲ್ಲಿ ಅವರು ಮಂಡಿಸಿದ ವಿಚಾರದ ತಿರುಳು. ದನವು ಈ ವೈರಸ್ಸಿನಿಂದ ಸಾಯುವುದಿಲ್ಲ. ಆದರೆ ಬೆಳೆದ ಉಣುಗಿಗೆ ಹೊಟ್ಟೆತುಂಬ ಉಣಿಸಿ, ಊರಿಗೂ ಕಾಡಿಗೂ ನಡುವೆ ದಿನಕ್ಕೆರಡು ಬಾರಿ ಓಡಾಡುತ್ತದೆ. ಹಕ್ಕಿಯನ್ನು ನೋಡಲು ಆಕಾಶದ ಕಡೆಗೆ ತಿರುಗಿದ್ದ ಮುಖಗಳು ಹೀಗೆ ನಮ್ಮ ಕೊಟ್ಟಿಗೆಯ ಕಡೆಗೆ ತಿರುಗಿದವು.

ಅಡಕೆ ತೋಟ, ಸೊಪ್ಪಿನಬೆಟ್ಟ, ಕೊಟ್ಟಿಗೆ ಇವು ಮಲೆನಾಡಿನ ಬೇಸಾಯದ ಮೂರು ಕಲ್ಲುಗಳು. ಬೆಟ್ಟದ ಸೊಪ್ಪು, ತರಗೆಲೆ ಕೊಟ್ಟಿಗೆಗೆ ಬಂದು, ದನದ ಕಾಲಡಿ ಗೊಬ್ಬರವಾಗಿ, ತೋಟಕ್ಕೆ ಹೋಗಬೇಕು. ತರಗೆಲೆ ಗುಡಿಸಿ ಹೆಡಿಗೆ ತುಂಬುವ ಕಾಲ ಯಾವುದು? ಎಲೆ ಉದುರುವ ಕಾಲ. ಅಂದರೆ ಉಣುಗು ಕಾಯುತ್ತಿರುವ ಕಾಲವೇ. ಅದನ್ನು ಗುಡಿಸುವವರು ತೋಟದ ಒಡೆಯರಲ್ಲ, ಹೆಚ್ಚಾಗಿ ಕೂಲಿಯವರು, ಅವರಲ್ಲಿಯೂ ಹೆಂಗಸರು. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ಬರಿಗಾಲಿನಲ್ಲಿ ಬಗ್ಗಿ, ಎರಡೂ ಕೈಗಳಿಂದ ಎಲೆಯನ್ನು ತಬ್ಬಿ ಎತ್ತುವ ಕೆಲಸ ಅದು. ಉಣುಗಿನ ಕಡಿತವನ್ನು ತಪ್ಪಿಸಿಕೊಳ್ಳಲು ಕಾಡಿಗೆ ಹೋಗಬೇಡಿ ಎಂಬ ಬುದ್ಧಿವಾದವನ್ನು ನಾನು ಹಲವು ಕರಪತ್ರಗಳಲ್ಲಿ ಓದಿದ್ದೇನೆ. ಅದು ಸುಳ್ಳಲ್ಲ. ಆದರೆ ಅದನ್ನು ಪಾಲಿಸುವ ಸ್ವಾತಂತ್ರ್ಯ ಇರುವುದು ನನಗೂ ನಿಮಗೂ. ಅಂದಂದಿನ ಕೂಲಿ ಅಂದಂದೇ ಒಲೆಗೆ ಹೋಗಬೇಕಾದವರಿಗಲ್ಲ.

ಮೊದಲ ವರ್ಷಗಳಲ್ಲಿ ಸೊರಬ, ಸಾಗರ, ಶಿಕಾರಿಪುರಗಳ ಎಲ್ಲೆಯೊಳಗಿದ್ದ ಕಾಯಿಲೆ 1970ರ ದಶಕದಲ್ಲಿ ಹೊರಗೆ ಕಾಲಿಟ್ಟಿತು. 1982-83ರಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯ ಕಾಡಿನಲ್ಲಿ ಗೇರು ತೋಟಕ್ಕಾಗಿ ಮರ ಕಡಿದ ಮೇಲೆ ಅಲ್ಲಿ ಕಂಡ ಹಾವಳಿಯಲ್ಲಿ ಸಾವಿರಕ್ಕೂ ಹೆಚ್ಚು ಜನ ನರಳಿದರು, ಹಲವು ಹತ್ತು ಮಂದಿ ಸತ್ತರು. ಬೋಷೆಲ್ಲರ ಮಾತಿಗೆ ಇದಕ್ಕಿಂತ ಕ್ರೂರವಾದ ವ್ಯಾಖ್ಯಾನ ಬೇಕಿರಲಿಲ್ಲ. 2012ರ ನಂತರ ಬಂಡೀಪುರ, ನೀಲಗಿರಿ, ವಯನಾಡು, ಗೋವೆ, ಸಿಂಧುದುರ್ಗಗಳಿಂದ ಒಂದಾದ ಮೇಲೊಂದು ಸುದ್ದಿ ಬಂದಿತು. ಗೋವೆಯ ಕಡೆ ಗೇರು ತೋಟಗಳಲ್ಲಿ ದುಡಿಯುವವರೇ ಹೆಚ್ಚಾಗಿ ಕಾಯಿಲೆ ಬಿದ್ದರು. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಲಗೋಡಿಗೆ ಅದು ಮರಳಿ ಬಂದು ಜೀವಗಳನ್ನು ಒಯ್ದಿತು. ಸಹ್ಯಾದ್ರಿಯ ಉದ್ದಕ್ಕೂ ಇಂದು ಇದು ನಮ್ಮದಲ್ಲವೆಂದು ಧೈರ್ಯವಾಗಿ ಹೇಳಬಲ್ಲ ಕಾಡು ಕಡಿಮೆ.

ಲಸಿಕೆಯ ಕಥೆ ಚಿಕ್ಕದು, ದುಃಖದ್ದು. ರಷ್ಯದ ಬಂಧುವಿಗೆಂದು ತಯಾರಾದ ಲಸಿಕೆಯನ್ನು ಮೊದಮೊದಲು ಇಲ್ಲಿ ಪ್ರಯೋಗಿಸಿದರು, ಫಲ ಕೊಡಲಿಲ್ಲ. ಕೋಳಿಯ ಭ್ರೂಣದ ಕೋಶಗಳಲ್ಲಿ ಬೆಳೆಸಿ, ಫಾರ್ಮಲಿನ್ನಿನಿಂದ ನಿಷ್ಕ್ರಿಯಗೊಳಿಸಿದ ವೈರಸ್ಸಿನಿಂದ ನಮ್ಮವರೇ ತಯಾರಿಸಿದ ಲಸಿಕೆ 1990ರಿಂದೀಚೆಗೆ ವ್ಯಾಪಕವಾಗಿ ಬಳಕೆಗೆ ಬಂದಿತು. ಮೂರು ದಶಕ ಅದು ಮಲೆನಾಡಿನ ಆಸರೆಯಾಗಿತ್ತು. ಅದರ ಶಕ್ತಿ ಕುಂದಿದೆಯೆಂದು ಕಂಡುಬಂದು 2022ರಲ್ಲಿ ಹಾಕುವುದನ್ನು ನಿಲ್ಲಿಸಿದರು. ಹೊಸ ಲಸಿಕೆಯ ಪ್ರಯತ್ನ ನಡೆದಿದೆ. ಹೀಗಾಗಿ ಚರ್ಮಕ್ಕೂ ಉಣುಗಿಗೂ ನಡುವೆ ಸದ್ಯಕ್ಕೆ ಉಳಿದಿರುವುದು ಬಟ್ಟೆ, ಎಣ್ಣೆ, ಬಿಸಿನೀರು ಮತ್ತು ಎಚ್ಚರ.

ಇವುಗಳ ವಿಷಯವಾಗಿ ಖಚಿತವಾಗಿಯೇ ಹೇಳುತ್ತೇನೆ. ರಜೆಯಲ್ಲಿ ಚಾರಣಕ್ಕೆ ಹೊರಡುವ ತರುಣರೂ ಕೇಳಲಿ. ಡಿಸೆಂಬರಿನಿಂದ ಮಳೆ ಬೀಳುವವರೆಗೆ ಮಲೆನಾಡಿನ ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ತೊಡಬೇಕು. ತಿಳಿ ಬಣ್ಣದ್ದಾದರೆ ಹತ್ತಿದ ಉಣುಗು ಕಣ್ಣಿಗೆ ಬೀಳುತ್ತದೆ. ಷರಾಯಿಯ ತುದಿಯನ್ನು ಕಾಲುಚೀಲದೊಳಗೆ ಸೇರಿಸಿಕೊಳ್ಳುವುದು ನೋಡಲು ಹಾಸ್ಯಾಸ್ಪದ, ಆದರೆ ಉಣುಗು ಏರುವುದು ಕೆಳಗಿನಿಂದಲೇ. ಆರೋಗ್ಯ ಇಲಾಖೆಯವರು ಹಿಂದೆ ಡಿ.ಎಂ.ಪಿ. ತೈಲವನ್ನೂ ಈಚೆಗೆ ಡೀಪಾ ತೈಲವನ್ನೂ ಕಾಡಂಚಿನವರಿಗೆ ಹಂಚುತ್ತ ಬಂದಿದ್ದಾರೆ. ಕೈಕಾಲು ಕುತ್ತಿಗೆಗಳಿಗೆ ಅದನ್ನು ಕಾಡಿಗೆ ಹೋಗುವ ಮುಂಚೆ ಸವರಬೇಕು. ಬಂದ ಮೇಲೆ ಸವರಿದರೆ ಪ್ರಯೋಜನವಿಲ್ಲ. ತರಗೆಲೆಯ ಮೇಲೆ ಕೂರಬಾರದು, ಮಲಗಬಾರದು. ಮನೆಗೆ ಬಂದೊಡನೆ ಬಟ್ಟೆಯನ್ನು ಹೊರಗೇ ಕಳಚಿ ಕುದಿಯುವ ನೀರಿಗೆ ಹಾಕಿ, ಸೋಪು ಹಚ್ಚಿ ಬಿಸಿನೀರಿನಲ್ಲಿ ಮೈಯುಜ್ಜಿ ಸ್ನಾನ ಮಾಡಬೇಕು. ಕಂಕುಳು, ತೊಡೆಸಂದಿ, ಮೊಣಕಾಲಿನ ಹಿಂಭಾಗ, ಕಿವಿಯ ಹಿಂದೆ, ಕೂದಲಿನ ಬುಡ — ಈ ಮರೆಯ ಜಾಗಗಳನ್ನು ಬೇರೊಬ್ಬರಿಂದ ನೋಡಿಸಿಕೊಳ್ಳುವುದು ಒಳ್ಳೆಯದು. ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು, ತಿರುಚದೆ, ನೇರವಾಗಿ ಎಳೆಯಬೇಕು. ಊದುಬತ್ತಿಯಿಂದ ಸುಡುವ, ಸೀಮೆಎಣ್ಣೆ ಹಾಕುವ, ಉಗುರಿನಿಂದ ಹಿಸುಕುವ ಹಳೆಯ ವಿದ್ಯೆಗಳನ್ನು ಬಿಡಬೇಕು. ತರಗೆಲೆಯ ರಾಶಿಯನ್ನು ಮನೆಯ ಗೋಡೆಗೆ ಒರಗಿಸಿ ಇಡುವ ರೂಢಿಯನ್ನೂ ಬಿಡಬೇಕು.

ಮಂಗನ ಹೆಸರಿನ ಬಗ್ಗೆ ಒಂದು ಮಾತು. ‘ಮಂಗನ ಕಾಯಿಲೆ’ ಎಂದುದರಿಂದ ಮಂಗಕ್ಕೆ ಆದ ಅನ್ಯಾಯ ಸಣ್ಣದಲ್ಲ. ಅದು ನಮಗೆ ಕಾಯಿಲೆ ಹಂಚಲು ಬಂದ ಜೀವಿಯಲ್ಲ. ನಮ್ಮಂತೆಯೇ ಉಣುಗಿನಿಂದ ಕಚ್ಚಿಸಿಕೊಂಡು, ನಮಗಿಂತ ಮೊದಲು ಸತ್ತು, ತಿಳಿದವರಿಗೆ ಎಚ್ಚರಿಕೆ ಕೊಡುವ ಜೀವಿ. ಅದನ್ನು ಓಡಿಸಿದರೂ ಕೊಂದರೂ ಉಣುಗು ಉಳಿದೇ ಇರುತ್ತದೆ. ಇದಕ್ಕೆ ವಿರುದ್ಧವಾದ ಇನ್ನೊಂದು ನಡವಳಿಕೆಯೂ ಉಂಟು. ಸತ್ತ ಮಂಗವನ್ನು ಹನುಮಂತನ ಅಂಶವೆಂದು ಎತ್ತಿ ತಂದು, ಅರಿಶಿನ ಕುಂಕುಮವಿಟ್ಟು, ಊರವರೆಲ್ಲ ಸೇರಿ ಮಣ್ಣು ಮಾಡುವ ರೂಢಿ ನಮ್ಮ ಹಲವು ಹಳ್ಳಿಗಳಲ್ಲಿದೆ. ಆ ಭಕ್ತಿಯನ್ನು ನಾನು ಹೀಗಳೆಯಲಾರೆ. ಆದರೆ ಇಳಿದುಹೋಗಲು ಜಾಗ ಹುಡುಕುತ್ತಿರುವ ಉಣುಗಿಗೆ ಹೆಗಲು ಕೊಟ್ಟಂತಾಗುವುದೂ ಆಗಲೇ. ಒಣಗಾಲದಲ್ಲಿ ಕಾಡಂಚಿನಲ್ಲಿ ಮಂಗ ಸತ್ತಿದ್ದರೆ ಮುಟ್ಟದೆ, ಆ ಜಾಗಕ್ಕೆ ಜನ ದನ ಹೋಗದಂತೆ ಮಾಡಿ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಅವರು ಬಂದು ಸುತ್ತ ಔಷಧಿ ಚೆಲ್ಲುತ್ತಾರೆ.

ಕಾಡಿನಿಂದ ಬಂದ ಮೂರರಿಂದ ಎಂಟು ದಿನಗಳೊಳಗೆ ಇದ್ದಕ್ಕಿದ್ದಂತೆ ಜ್ವರ ಬಂದರೆ, ವೈದ್ಯರು ಕೇಳಲಿ ಬಿಡಲಿ, ತಾನು ಕಾಡಿಗೆ ಹೋಗಿದ್ದೆನೆಂಬುದನ್ನು ಮೊದಲ ಮಾತಾಗಿ ಹೇಳಬೇಕು. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕುಳಿತ ವೈದ್ಯರಿಗೆ ಡೆಂಗಿ ಜ್ವರ ನೆನಪಾಗುವುದು ಸಹಜ. ಈ ಕಾಯಿಲೆಗೆಂದೇ ಬೇರೆ ಔಷಧಿಯಿಲ್ಲ; ರಕ್ತಸ್ರಾವದ ಮೇಲೆ ಕಣ್ಣಿಟ್ಟು, ಮೈಯಲ್ಲಿ ನೀರು ಆರದಂತೆ ನೋಡಿಕೊಂಡು, ಆಸ್ಪಿರಿನ್ ಬಗೆಯ ಮಾತ್ರೆಗಳನ್ನು ದೂರವಿಟ್ಟು ಆರೈಕೆ ಮಾಡಿದರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನ ಬದುಕುತ್ತಾರೆ. ಕೆಲವರಿಗೆ ಜ್ವರ ಬಿಟ್ಟ ಒಂದೆರಡು ವಾರದ ಮೇಲೆ ಮತ್ತೆ ಮರುಕಳಿಸಿ ನಡುಕ, ಮಂಪರು ಕಾಣಿಸುವುದುಂಟು. ಜ್ವರ ಇಳಿಯಿತೆಂದು ಮರುದಿನವೇ ಕೆಲಸಕ್ಕೆ ಎದ್ದು ಹೋಗಬಾರದು. ಮನುಷ್ಯನಿಂದ ಮನುಷ್ಯನಿಗೆ ಇದು ಅಂಟುವುದಿಲ್ಲ. ರೋಗಿಯ ಹತ್ತಿರ ಕೂರಬಹುದು, ಗಂಜಿ ಕುಡಿಸಬಹುದು.